ಎರಡು ಶಕ್ತಿಗಳಿಂದ ಚಲಿಸುವ ಬಸ್ಸು: ಚೆನ್ನೈ ನಗರದ ಅನುಭವ

ನಗರ ಸಾರಿಗೆಯ ಬಸ್ಸು ಇತರ ವಾಹನಗಳಿಗಿಂತ ಭಿನ್ನವಾದ ಪರಿಸ್ಥಿತಿಯಲ್ಲಿ ಕೆಲಸ ಮಾಡುತ್ತದೆ. ಹೆದ್ದಾರಿಯಲ್ಲಿ ಸಾಗುವ ಲಾರಿಯು ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಬಲ್ಲದು. ನಗರದ ಬಸ್ಸಾದರೋ ಅರ್ಧ ಕಿಲೋಮೀಟರು ಕ್ರಮಿಸುವುದರೊಳಗಾಗಿ ಒಮ್ಮೆ ನಿಲ್ದಾಣದಲ್ಲಿಯೂ ಒಮ್ಮೆ ಸಂಕೇತ ದೀಪದ ಬಳಿಯಲ್ಲಿಯೂ ನಿಲ್ಲಬೇಕಾಗುತ್ತದೆ. ಪ್ರತಿ ಬಾರಿಯೂ ಪ್ರಯಾಣಿಕರ ಭಾರವನ್ನು ಹೊತ್ತು ಶೂನ್ಯ ವೇಗದಿಂದ ಮತ್ತೆ ಹೊರಡಬೇಕು. ಈ ನಿಲ್ಲುವ ಮತ್ತು ಹೊರಡುವ ಕ್ರಿಯೆಯಲ್ಲಿಯೇ ಇಂಧನದ ಬಹುಭಾಗ ವ್ಯಯವಾಗುತ್ತದೆ. ನಗರವಾಸಿಗಳು ಉಸಿರಾಡುವ ಹೊಗೆಯೂ ಇದೇ ಸಂದರ್ಭದಲ್ಲಿ ಅಧಿಕವಾಗಿ ಹೊರಬೀಳುತ್ತದೆ.

ಈ ಸಮಸ್ಯೆಗೆ ಪರಿಹಾರವಾಗಿ ರೂಪುಗೊಂಡ ಯಂತ್ರಗಳಲ್ಲಿ ಒಂದು, ಡೀಸೆಲ್ ಮತ್ತು ವಿದ್ಯುತ್ ಎಂಬ ಎರಡು ಶಕ್ತಿಗಳನ್ನೂ ಬಳಸಬಲ್ಲ ಬಸ್ಸು. ಇದನ್ನು ಹೈಬ್ರಿಡ್ ಬಸ್ಸು ಅಥವಾ ಮಿಶ್ರಶಕ್ತಿ ಬಸ್ಸು ಎಂದು ಕರೆಯಲಾಗುತ್ತದೆ. ಇದು ಹೇಗೆ ಕೆಲಸ ಮಾಡುತ್ತದೆ, ಇದರಿಂದ ದೊರೆಯುವ ಲಾಭವೇನು, ಇದರ ಮಿತಿಗಳೇನು ಎಂಬ ವಿಷಯಗಳನ್ನು ಅರಿಯಲು ಚೆನ್ನೈ ನಗರವು ಸೂಕ್ತವಾದ ನಿದರ್ಶನ. ದೇಶದ ಪ್ರಮುಖ ಬಸ್ಸು ತಯಾರಿಕಾ ಸಂಸ್ಥೆಯೊಂದು ಅಲ್ಲಿಯೇ ನೆಲೆಗೊಂಡಿದೆ. ಮಿಶ್ರಶಕ್ತಿಯ ಪ್ರಯೋಗಗಳನ್ನು ಆ ಸಂಸ್ಥೆಯೇ ನಡೆಸಿದೆ. ಕೊನೆಗೆ ಆ ನಗರವು ಆರಿಸಿಕೊಂಡದ್ದು ಮಾತ್ರ ಬೇರೆಯೇ ಮಾರ್ಗವನ್ನು. ಈ ಆಯ್ಕೆಯ ಹಿಂದಿನ ಕಾರಣಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಂತಹ ನಗರಗಳಿಗೂ ಅನ್ವಯಿಸುತ್ತವೆ.

ಚೆನ್ನೈ ಮತ್ತು ವಿದ್ಯುತ್ ಸಂಚಾರ

ವಿದ್ಯುತ್ತಿನಿಂದ ಜನರನ್ನು ಸಾಗಿಸುವ ಕಲ್ಪನೆ ಚೆನ್ನೈಗೆ ಹೊಸದಲ್ಲ. ಅಂದಿನ ಮದರಾಸು ನಗರದಲ್ಲಿ 1895ರಲ್ಲಿಯೇ ವಿದ್ಯುತ್ ಟ್ರಾಮ್ ಸಂಚಾರ ಪ್ರಾರಂಭವಾಯಿತು. ಭಾರತದಲ್ಲಿ ವಿದ್ಯುತ್ ಶಕ್ತಿಯಿಂದ ಓಡಿದ ಮೊದಲ ಟ್ರಾಮ್ ಅದೇ. ಪ್ರಾರಂಭದಲ್ಲಿ ವಿದ್ಯುತ್ ತಂತಿಯನ್ನು ರಸ್ತೆಯ ಒಳಗಿನ ಕಾಲುವೆಯಂತಹ ಕೊಳವೆಯಲ್ಲಿ ಹುದುಗಿಸಲಾಗಿತ್ತು. ಮಳೆಗಾಲದಲ್ಲಿ ನೀರು ತುಂಬಿ ಈ ವ್ಯವಸ್ಥೆಗೆ ಅಡಚಣೆಯಾಗತೊಡಗಿದುದರಿಂದ ಮುಂದೆ ತಂತಿಯನ್ನು ರಸ್ತೆಯ ಮೇಲ್ಭಾಗದಲ್ಲಿ ಎಳೆಯಲಾಯಿತು. 1931ರಲ್ಲಿ ಮದರಾಸು ಬೀಚ್ ಮತ್ತು ತಾಂಬರಂ ನಡುವಣ ರೈಲು ಮಾರ್ಗವನ್ನು ವಿದ್ಯುದೀಕರಿಸಿ ಉಪನಗರ ರೈಲುಗಳನ್ನು ಓಡಿಸಲಾಯಿತು. ಟ್ರಾಮ್ ಸೇವೆಯು 1953ರ ಏಪ್ರಿಲ್ ತಿಂಗಳಿನಲ್ಲಿ ಕೊನೆಗೊಂಡಿತು. ಆ ಬಳಿಕ ರಸ್ತೆ ಸಾರಿಗೆಯ ಭಾರವೆಲ್ಲವೂ ಡೀಸೆಲ್ ಬಸ್ಸುಗಳ ಮೇಲೆ ಬಿದ್ದಿತು.

1972ರ ಜನವರಿ 1ರಂದು ಪಲ್ಲವನ್ ಸಾರಿಗೆ ನಿಗಮವು ಸ್ಥಾಪನೆಗೊಂಡಿತು. ಇಂದು ಮಹಾನಗರ ಸಾರಿಗೆ ನಿಗಮ ಎಂಬ ಹೆಸರಿನಿಂದ ಚೆನ್ನೈಯ ಬಸ್ಸುಗಳನ್ನು ನಡೆಸುತ್ತಿರುವ ಸಂಸ್ಥೆಯ ಮೂಲ ಇದೇ. ನಗರದ ಉತ್ತರಕ್ಕೆ ಎನ್ನೂರಿನಲ್ಲಿ ಅಶೋಕ್ ಲೇಲ್ಯಾಂಡ್ ಸಂಸ್ಥೆಯ ಕಾರ್ಖಾನೆಯಿದೆ. 1948ರಲ್ಲಿ ಅಶೋಕ್ ಮೋಟಾರ್ಸ್ ಎಂಬ ಹೆಸರಿನಿಂದ ಕಾರುಗಳನ್ನು ಜೋಡಿಸುವುದಕ್ಕಾಗಿ ಪ್ರಾರಂಭವಾದ ಈ ಸಂಸ್ಥೆಯು 1955ರಲ್ಲಿ ಇಂದಿನ ಹೆಸರನ್ನು ಪಡೆದು, ಲಾರಿ ಮತ್ತು ಬಸ್ಸುಗಳ ತಯಾರಿಕೆಯಲ್ಲಿ ದೇಶದ ಮುಂಚೂಣಿಯ ಸಂಸ್ಥೆಗಳಲ್ಲಿ ಒಂದಾಗಿ ಬೆಳೆಯಿತು.

ಡೀಸೆಲ್ ಎಂಜಿನ್ನಿನ ಗುಣದೋಷಗಳು

ಡೀಸೆಲ್ ಎಂಜಿನ್ನು ಗಟ್ಟಿಮುಟ್ಟಾದ ಯಂತ್ರ. ಅದನ್ನು ದುರಸ್ತಿ ಮಾಡಬಲ್ಲ ಕುಶಲಕರ್ಮಿಗಳು ಎಲ್ಲೆಡೆ ದೊರೆಯುತ್ತಾರೆ. ಕೆಲವೇ ನಿಮಿಷಗಳಲ್ಲಿ ತೊಟ್ಟಿ ತುಂಬಿಸಿಕೊಂಡು ದಿನವಿಡೀ ಓಡಬಲ್ಲ ಸಾಮರ್ಥ್ಯ ಅದಕ್ಕಿದೆ. ಆದರೆ ಒಂದು ನಿರ್ದಿಷ್ಟ ವೇಗ ಮತ್ತು ಭಾರದ ಮಿತಿಯಲ್ಲಿ ಮಾತ್ರ ಅದರ ದಕ್ಷತೆ ಉತ್ತಮವಾಗಿರುತ್ತದೆ. ಆ ಸ್ಥಿತಿಯಲ್ಲಿ ಇಂಧನದ ಶಕ್ತಿಯ ಸುಮಾರು 40 ಭಾಗ ಕೆಲಸಕ್ಕೆ ದೊರೆಯಬಹುದು. ನಿಂತಲ್ಲೇ ಉರಿಯುವಾಗ, ನಿಧಾನವಾಗಿ ತೆವಳುವಾಗ ಮತ್ತು ಪದೇ ಪದೇ ವೇಗ ಬದಲಾಯಿಸುವಾಗ ಈ ಪ್ರಮಾಣವು ಬಹಳ ಕುಸಿಯುತ್ತದೆ. ನಗರದ ಬಸ್ಸು ತನ್ನ ಆಯುಷ್ಯದ ಹೆಚ್ಚಿನ ಕಾಲವನ್ನು ಕಳೆಯುವುದು ಈ ಪ್ರತಿಕೂಲ ಸ್ಥಿತಿಯಲ್ಲಿಯೇ.

ಆರೋಗ್ಯದ ಪ್ರಶ್ನೆ ಇನ್ನೂ ಗಂಭೀರವಾದುದು. ಡೀಸೆಲ್ ಹೊಗೆಯಲ್ಲಿ ಸೂಕ್ಷ್ಮವಾದ ಮಸಿಯ ಕಣಗಳೂ ಸಾರಜನಕದ ಆಕ್ಸೈಡುಗಳೂ ಇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿತು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮಗಳಿಂದಾಗಿ ಹೊಸ ಡೀಸೆಲ್ ಬಸ್ಸುಗಳ ಹೊಗೆ ಗಣನೀಯವಾಗಿ ಕಡಿಮೆಯಾಗಿದೆ. ಆದರೂ ಹಳೆಯ ಬಸ್ಸುಗಳ ಹಿಂದೆ ನಿಲ್ಲುವ ದ್ವಿಚಕ್ರ ಸವಾರರು, ನಿಲ್ದಾಣಗಳಲ್ಲಿ ಕಾಯುವ ಮಕ್ಕಳು, ಬೀದಿ ಬದಿಯ ವ್ಯಾಪಾರಿಗಳು, ಹಾಗೂ ಬಸ್ಸಿನ ಚಾಲಕ ಮತ್ತು ನಿರ್ವಾಹಕರು ಈ ಹೊಗೆಯ ಪರಿಣಾಮವನ್ನು ನಿತ್ಯವೂ ಅನುಭವಿಸುತ್ತಾರೆ ಎಂಬುದನ್ನು ಮರೆಯುವಂತಿಲ್ಲ.

ಬ್ರೇಕಿನಲ್ಲಿ ವ್ಯರ್ಥವಾಗುವ ಶಕ್ತಿ

ಮಿಶ್ರಶಕ್ತಿ ಬಸ್ಸಿನ ತತ್ತ್ವವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಪ್ರಯಾಣಿಕರೂ ಸೇರಿದಂತೆ ಒಂದು ಬಸ್ಸಿನ ತೂಕ 15 ಟನ್ ಎಂದು ಭಾವಿಸೋಣ. ಅದು ಗಂಟೆಗೆ 36 ಕಿಲೋಮೀಟರು, ಅಂದರೆ ಸೆಕೆಂಡಿಗೆ 10 ಮೀಟರು ವೇಗದಲ್ಲಿ ಚಲಿಸುತ್ತಿರುವಾಗ ಅದರಲ್ಲಿ ಅಡಗಿರುವ ಚಲನಶಕ್ತಿ 750 ಕಿಲೋಜೌಲ್. ಮನೆಯ ವಿದ್ಯುತ್ ಮೀಟರಿನ ಭಾಷೆಯಲ್ಲಿ ಹೇಳುವುದಾದರೆ ಇದು ಒಂದು ಯೂನಿಟ್ಟಿನ ಐದನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಚಾಲಕನು ಬ್ರೇಕನ್ನು ಒತ್ತಿದಾಗ ಈ ಶಕ್ತಿಯೆಲ್ಲವೂ ಘರ್ಷಣೆಯ ಮೂಲಕ ಶಾಖವಾಗಿ ಗಾಳಿಯಲ್ಲಿ ಲೀನವಾಗುತ್ತದೆ.

ದಿನಕ್ಕೆ 200 ಕಿಲೋಮೀಟರು ಓಡುವ ಬಸ್ಸು ಈ ರೀತಿ 300 ಬಾರಿ ನಿಂತಿತೆಂದು ಎಣಿಸಿದರೆ ಸುಮಾರು 62 ಯೂನಿಟ್ ಶಕ್ತಿ ಬ್ರೇಕಿನಲ್ಲಿಯೇ ನಷ್ಟವಾಗುತ್ತದೆ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದ್ದು, ಅದರಲ್ಲಿ 3 ಯೂನಿಟ್ ಮಾತ್ರ ಚಕ್ರಗಳನ್ನು ತಲುಪುತ್ತದೆ ಎಂದಿಟ್ಟುಕೊಂಡರೆ, ಬ್ರೇಕಿನಲ್ಲಿ ಕಳೆದುಹೋದ ಶಕ್ತಿಗಾಗಿ ಸುಮಾರು 20 ಲೀಟರ್ ಡೀಸೆಲ್ ವ್ಯಯವಾಗಿರುತ್ತದೆ. ಲೀಟರಿಗೆ 4 ಕಿಲೋಮೀಟರಿನಂತೆ ಆ ಬಸ್ಸಿಗೆ ದಿನವೊಂದಕ್ಕೆ ಬೇಕಾಗುವ ಡೀಸೆಲ್ 50 ಲೀಟರ್. ಕಳೆದುಹೋಗುವ ಶಕ್ತಿಯಲ್ಲಿ ಅರ್ಧವನ್ನು ಹಿಡಿದಿಟ್ಟುಕೊಂಡು ಮತ್ತೆ ಬಳಸುವುದು ಸಾಧ್ಯವಾದರೆ 10 ಲೀಟರ್, ಅಂದರೆ ಐದನೆಯ ಒಂದು ಭಾಗ ಉಳಿತಾಯವಾಗುತ್ತದೆ.

ಈ ಕೆಲಸವನ್ನು ಸಾಧ್ಯವಾಗಿಸುವುದು ವಿದ್ಯುತ್ ಮೋಟಾರು. ವಿದ್ಯುತ್ ಹರಿಸಿದಾಗ ಅದು ಚಕ್ರವನ್ನು ತಿರುಗಿಸುತ್ತದೆ. ಚಕ್ರವೇ ಅದನ್ನು ತಿರುಗಿಸಿದಾಗ ಅದು ಜನರೇಟರಿನಂತೆ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಬಸ್ಸು ನಿಧಾನವಾಗುವಾಗ ಹೀಗೆ ಹುಟ್ಟಿದ ವಿದ್ಯುತ್ತು ಬ್ಯಾಟರಿಯನ್ನು ಸೇರುತ್ತದೆ. ಬಸ್ಸು ಮತ್ತೆ ಹೊರಡುವಾಗ ಅದೇ ವಿದ್ಯುತ್ತು ಮೋಟಾರಿಗೆ ಮರಳುತ್ತದೆ. ಇದಕ್ಕೆ ಪುನರುತ್ಪಾದಕ ಬ್ರೇಕು ಎಂದು ಹೆಸರು. ಡೀಸೆಲ್ ಎಂಜಿನ್ನಿಗೆ ಈ ಗುಣವಿಲ್ಲ. ಎಂಜಿನ್ನನ್ನು ಹಿಮ್ಮುಖವಾಗಿ ತಿರುಗಿಸಿದರೆ ತೊಟ್ಟಿಯೊಳಕ್ಕೆ ಡೀಸೆಲ್ ಮರಳಿ ಬರುವುದಿಲ್ಲ!

ಮಿಶ್ರಶಕ್ತಿ ಬಸ್ಸಿನ ವಿಧಗಳು

ಎರಡು ಶಕ್ತಿಗಳನ್ನು ಒಂದುಗೂಡಿಸುವ ಪ್ರಯತ್ನ ಶತಮಾನಕ್ಕೂ ಹಳೆಯದು. ಫರ್ಡಿನಾಂಡ್ ಪೋರ್ಶೆ ಎಂಬ ಇಂಜಿನಿಯರು 1900ರ ಸುಮಾರಿಗೆ, ಪೆಟ್ರೋಲ್ ಎಂಜಿನ್ನಿನಿಂದ ವಿದ್ಯುತ್ ಉತ್ಪಾದಿಸಿ ಚಕ್ರದೊಳಗಿನ ಮೋಟಾರುಗಳನ್ನು ತಿರುಗಿಸುವ ವಾಹನವನ್ನು ನಿರ್ಮಿಸಿದ್ದನು. ಇಂದು ಬಳಕೆಯಲ್ಲಿರುವ ಮಿಶ್ರಶಕ್ತಿ ಬಸ್ಸುಗಳನ್ನು ಸ್ಥೂಲವಾಗಿ ಮೂರು ವಿಧಗಳಾಗಿ ವಿಂಗಡಿಸಬಹುದು.

ಮೊದಲನೆಯದು ಸರಣಿ ವಿಧಾನ. ಇದರಲ್ಲಿ ಡೀಸೆಲ್ ಎಂಜಿನ್ನಿಗೂ ಚಕ್ರಗಳಿಗೂ ನೇರ ಸಂಬಂಧವಿಲ್ಲ. ಎಂಜಿನ್ನು ಜನರೇಟರನ್ನು ಮಾತ್ರ ತಿರುಗಿಸುತ್ತದೆ; ಚಕ್ರಗಳನ್ನು ತಿರುಗಿಸುವುದು ವಿದ್ಯುತ್ ಮೋಟಾರು. ನಮ್ಮ ರೈಲ್ವೆಯಲ್ಲಿ 1960ರ ದಶಕದಿಂದ ಸುಪರಿಚಿತವಾದ ಡೀಸೆಲ್ ರೈಲು ಎಂಜಿನ್ನುಗಳೂ ವಾಸ್ತವವಾಗಿ ಇದೇ ರೀತಿ ಡೀಸೆಲ್‌ನಿಂದ ವಿದ್ಯುತ್ ಉತ್ಪಾದಿಸಿಕೊಂಡು ಓಡುವಂತಹವು. ಬಸ್ಸಿನಲ್ಲಿ ಬ್ಯಾಟರಿಯೂ ಸೇರಿರುವುದರಿಂದ ಎಂಜಿನ್ನು ತನಗೆ ಅನುಕೂಲವಾದ ವೇಗದಲ್ಲಿ ಓಡಬಹುದು, ಅಗತ್ಯವಿಲ್ಲದಾಗ ನಿಲ್ಲಲೂಬಹುದು.

ಎರಡನೆಯದು ಸಮಾಂತರ ವಿಧಾನ. ಇಲ್ಲಿ ಎಂಜಿನ್ನು ಮತ್ತು ಮೋಟಾರುಗಳೆರಡೂ ಚಕ್ರಗಳೊಡನೆ ಸಂಪರ್ಕ ಹೊಂದಿರುತ್ತವೆ. ಬಸ್ಸು ಹೊರಡುವಾಗ ಮೋಟಾರು, ವೇಗ ಹೆಚ್ಚಿದ ಬಳಿಕ ಎಂಜಿನ್ನು, ಏರುದಾರಿಯಲ್ಲಿ ಎರಡೂ ಕೂಡಿ ಕೆಲಸ ಮಾಡುತ್ತವೆ. ಯಾವುದನ್ನು ಯಾವಾಗ ಬಳಸಬೇಕೆಂಬುದನ್ನು ಬಸ್ಸಿನೊಳಗಿನ ಗಣಕಯಂತ್ರವು ನಿರ್ಧರಿಸುತ್ತದೆ. ಚಾಲಕನು ಅದಕ್ಕಾಗಿ ಏನನ್ನೂ ಮಾಡಬೇಕಾಗಿಲ್ಲ.

ಮೂರನೆಯದು ಹೊರಗಿನಿಂದಲೂ ವಿದ್ಯುತ್ ಪಡೆಯಬಲ್ಲ ವಿಧಾನ. ಮೊದಲ ಎರಡು ವಿಧಗಳಲ್ಲಿ ಶಕ್ತಿಯ ಅಂತಿಮ ಮೂಲ ಡೀಸೆಲ್ಲೇ ಆಗಿರುತ್ತದೆ. ಈ ವಿಧದಲ್ಲಿ ಬ್ಯಾಟರಿಯು ದೊಡ್ಡದಾಗಿದ್ದು, ಅದನ್ನು ಡಿಪೋದಲ್ಲಿ ಅಥವಾ ಮಾರ್ಗದ ತುದಿಯಲ್ಲಿ ವಿದ್ಯುತ್ ಜಾಲದಿಂದ ತುಂಬಿಸಿಕೊಳ್ಳಬಹುದು. ಇಂತಹ ಬಸ್ಸು ನಗರದ ನಡುಭಾಗದಲ್ಲಿ ಎಂಜಿನ್ನನ್ನು ನಿಲ್ಲಿಸಿ ಕೇವಲ ವಿದ್ಯುತ್ತಿನಿಂದ ಓಡಿ, ಹೊರವಲಯವನ್ನು ಸೇರಿದ ಬಳಿಕ ಡೀಸೆಲ್‌ಗೆ ಬದಲಾಯಿಸಿಕೊಳ್ಳಬಲ್ಲದು.

ತಂತಿಯ ಕೆಳಗೆ ವಿದ್ಯುತ್ತು, ಹೊರಗೆ ಡೀಸೆಲ್

ಬ್ಯಾಟರಿಗಳು ಇಂದಿನಷ್ಟು ಸುಧಾರಿಸುವುದಕ್ಕೆ ಮುನ್ನ ಇದೇ ಉದ್ದೇಶವನ್ನು ಬೇರೊಂದು ರೀತಿಯಲ್ಲಿ ಸಾಧಿಸಲಾಗುತ್ತಿತ್ತು. ರಸ್ತೆಯ ಮೇಲೆ ಎಳೆದ ತಂತಿಗಳಿಂದ ವಿದ್ಯುತ್ ಪಡೆದು ರಬ್ಬರ್ ಚಕ್ರಗಳ ಮೇಲೆ ಓಡುವ ಟ್ರಾಲಿ ಬಸ್ಸುಗಳು ಭಾರತದಲ್ಲಿಯೂ ಇದ್ದವು. ದೆಹಲಿಯಲ್ಲಿ 1935ರಿಂದ 1962ರವರೆಗೆ, ಮುಂಬಯಿಯಲ್ಲಿ 1962ರಿಂದ 1971ರವರೆಗೆ ಅವು ಸಂಚರಿಸಿದವು. ತಂತಿಯಿಲ್ಲದ ಬೀದಿಗೆ ಹೋಗಲಾಗದಿರುವುದು ಅವುಗಳ ದೊಡ್ಡ ಕೊರತೆ. ಇದನ್ನು ನಿವಾರಿಸಲು ವಿದೇಶಗಳಲ್ಲಿ ಟ್ರಾಲಿ ಬಸ್ಸಿಗೆ ಡೀಸೆಲ್ ಎಂಜಿನ್ನನ್ನೂ ಅಳವಡಿಸಲಾಯಿತು.

ಅಮೆರಿಕದ ಸಿಯಾಟಲ್ ನಗರದಲ್ಲಿ 1990ರಲ್ಲಿ ನಗರಕೇಂದ್ರದ ಅಡಿಯಲ್ಲಿ ಬಸ್ಸುಗಳಿಗಾಗಿ ಸುರಂಗಮಾರ್ಗವೊಂದನ್ನು ತೆರೆಯಲಾಯಿತು. ಸುರಂಗದಲ್ಲಿ ಡೀಸೆಲ್ ಹೊಗೆ ತುಂಬಬಾರದೆಂಬ ಉದ್ದೇಶದಿಂದ ಇಟಲಿಯ ಬ್ರೆಡಾ ಸಂಸ್ಥೆಯಿಂದ 236 ದ್ವಿಶಕ್ತಿ ಬಸ್ಸುಗಳನ್ನು ತರಿಸಲಾಯಿತು. ಹೆದ್ದಾರಿಯಲ್ಲಿ ಡೀಸೆಲ್‌ನಿಂದ ಬರುತ್ತಿದ್ದ ಬಸ್ಸು ಸುರಂಗದ ಬಾಯಿಯಲ್ಲಿ ನಿಂತು, ಛಾವಣಿಯ ಕೋಲುಗಳನ್ನು ಎತ್ತಿ ತಂತಿಗೆ ತಾಗಿಸಿ, ವಿದ್ಯುತ್ತಿನಿಂದ ಮುಂದುವರಿಯುತ್ತಿತ್ತು. ವ್ಯವಸ್ಥೆಯು ಕೆಲಸವನ್ನೇನೋ ಮಾಡಿತು. ಆದರೆ ಒಂದೇ ಬಸ್ಸಿನಲ್ಲಿ ಎರಡು ಸಂಪೂರ್ಣ ಯಂತ್ರವ್ಯವಸ್ಥೆಗಳನ್ನು ಹೊತ್ತ ಕಾರಣ ಬಸ್ಸುಗಳು ಬಹಳ ಭಾರವಾದವು. ನಿರ್ವಹಣೆಯ ವೆಚ್ಚವೂ ಏರಿತು. 2004 ಮತ್ತು 2005ರಲ್ಲಿ ಅವುಗಳ ಸ್ಥಾನವನ್ನು ಬ್ಯಾಟರಿಯುಳ್ಳ ಡೀಸೆಲ್ ಮಿಶ್ರಶಕ್ತಿ ಬಸ್ಸುಗಳು ಪಡೆದವು.

ಲಂಡನ್ನಿನ ಅನುಭವವೂ ಬೋಧಪ್ರದವಾದುದು. 2012ರಲ್ಲಿ ಅಲ್ಲಿ ರಸ್ತೆಗಿಳಿದ ಹೊಸ ಮಾದರಿಯ ಎರಡಂತಸ್ತಿನ ಬಸ್ಸುಗಳು ಸರಣಿ ವಿಧಾನದವು. ಅವುಗಳಲ್ಲಿ ಹಲವು ಬಸ್ಸುಗಳ ಬ್ಯಾಟರಿಗಳು ದೋಷಕ್ಕೆ ಒಳಗಾದವೆಂಬ ಸಂಗತಿ 2015ರಲ್ಲಿ ಪ್ರಕಟವಾಯಿತು. ಅಂತಹ ಬಸ್ಸುಗಳು ಬಹುಮಟ್ಟಿಗೆ ಡೀಸೆಲ್‌ನಿಂದಲೇ ಓಡಬೇಕಾಯಿತು, ಬ್ಯಾಟರಿಗಳನ್ನು ಬದಲಾಯಿಸಬೇಕಾಯಿತು. ಬ್ಯಾಟರಿ ಕೆಟ್ಟಾಗಲೂ ಮಿಶ್ರಶಕ್ತಿ ಬಸ್ಸು ನಿಲ್ಲುವುದಿಲ್ಲ ಎಂಬುದು ಅದರ ಗುಣ. ಆದರೆ ನಿಲ್ಲದೆ ಓಡುವುದರಿಂದಲೇ ಅದರ ದೋಷವು ಪ್ರಯಾಣಿಕರ ಕಣ್ಣಿಗೆ ಬೀಳದೆ ಉಳಿಯುತ್ತದೆ. ದುಬಾರಿ ಬೆಲೆಗೆ ಕೊಂಡ ಬಸ್ಸು ಆಗ ಸಾಮಾನ್ಯ ಡೀಸೆಲ್ ಬಸ್ಸಿಗಿಂತ ಭಾರವಾದ ಇನ್ನೊಂದು ಡೀಸೆಲ್ ಬಸ್ಸಾಗಿ ಪರಿಣಮಿಸುತ್ತದೆ.

ಚೆನ್ನೈ ಸಂಸ್ಥೆಯ ಪ್ರಯೋಗಗಳು

ಅಶೋಕ್ ಲೇಲ್ಯಾಂಡ್ ಸಂಸ್ಥೆಯು 2010ರ ಜನವರಿಯಲ್ಲಿ ದೆಹಲಿಯ ವಾಹನ ಪ್ರದರ್ಶನದಲ್ಲಿ ‘ಹೈಬಸ್’ ಎಂಬ ಮಿಶ್ರಶಕ್ತಿ ಬಸ್ಸನ್ನು ಪ್ರದರ್ಶಿಸಿತು. ಇದರಲ್ಲಿ ಡೀಸೆಲ್‌ಗೆ ಬದಲಾಗಿ ಸಂಕುಚಿತ ನೈಸರ್ಗಿಕ ಅನಿಲದಿಂದ ನಡೆಯುವ ಎಂಜಿನ್ನು ಇದ್ದು, ಬ್ಯಾಟರಿಯನ್ನು ಹೊರಗಿನ ವಿದ್ಯುತ್ತಿನಿಂದಲೂ ತುಂಬಿಸಬಹುದಾಗಿತ್ತು. ಸಾರ್ವಜನಿಕ ಬಸ್ಸುಗಳೆಲ್ಲವೂ ಅನಿಲದಿಂದ ಓಡಬೇಕಾಗಿದ್ದ ದೆಹಲಿಯಂತಹ ನಗರಕ್ಕೆ ಇಂತಹ ಎಂಜಿನ್ನು ಹೊಂದುವಂತಿತ್ತು.

2016ರ ವಾಹನ ಪ್ರದರ್ಶನದಲ್ಲಿ ಸಂಸ್ಥೆಯು ಅದೇ ಹೆಸರಿನ ಮತ್ತೊಂದು ಬಸ್ಸನ್ನು ಮುಂದಿಟ್ಟಿತು. ಇದನ್ನು ಹೊರಗಿನಿಂದ ವಿದ್ಯುತ್ ತುಂಬಿಸಬೇಕಾಗಿರಲಿಲ್ಲ. ಇದರ ವೈಶಿಷ್ಟ್ಯವೆಂದರೆ ದೊಡ್ಡ ಬ್ಯಾಟರಿಯ ಬದಲಿಗೆ ಅಲ್ಟ್ರಾ ಕೆಪಾಸಿಟರುಗಳನ್ನು ಬಳಸಿದ್ದು. ಬ್ಯಾಟರಿಯು ರಾಸಾಯನಿಕ ಕ್ರಿಯೆಯಿಂದ ವಿದ್ಯುತ್ತನ್ನು ಸಂಗ್ರಹಿಸಿದರೆ ಕೆಪಾಸಿಟರು ವಿದ್ಯುದಾವೇಶವನ್ನು ನೇರವಾಗಿ ಹಿಡಿದಿಡುತ್ತದೆ. ಹೆಚ್ಚು ಹೊತ್ತಿಗೆ ಬೇಕಾಗುವಷ್ಟು ಶಕ್ತಿಯನ್ನು ಅದು ಸಂಗ್ರಹಿಸಲಾರದು. ಆದರೆ ಕೆಲವೇ ಸೆಕೆಂಡುಗಳಲ್ಲಿ ತುಂಬಿ ಕೆಲವೇ ಸೆಕೆಂಡುಗಳಲ್ಲಿ ಬರಿದಾಗಬಲ್ಲದು. ಲಕ್ಷಾಂತರ ಬಾರಿ ಹೀಗೆ ಮಾಡಿದರೂ ಸವೆಯುವುದು ಅತ್ಯಲ್ಪ. ಒಂದು ನಿಲ್ದಾಣದಲ್ಲಿ ಹಿಡಿದ ಶಕ್ತಿಯನ್ನು ಅದೇ ನಿಲ್ದಾಣದಿಂದ ಹೊರಡುವಾಗ ಮರಳಿ ಕೊಡುವ ಕೆಲಸಕ್ಕೆ ಇದಕ್ಕಿಂತ ಹೊಂದುವ ಸಾಧನ ವಿರಳ.

ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಸಂಸ್ಥೆಯು ‘ಸರ್ಕಿಟ್’ ಎಂಬ ಸಂಪೂರ್ಣ ವಿದ್ಯುತ್ ಬಸ್ಸನ್ನು ಬಿಡುಗಡೆ ಮಾಡಿತು. ಎಂಜಿನ್ನೇ ಇಲ್ಲದ ಈ ಬಸ್ಸಿನತ್ತ ಸಂಸ್ಥೆಯ ಗಮನ ವಾಲಿತು. ಇಂಗ್ಲೆಂಡಿನ ಆಪ್ಟೇರ್ ಎಂಬ ಬಸ್ಸು ತಯಾರಿಕಾ ಸಂಸ್ಥೆಯನ್ನು ಅಶೋಕ್ ಲೇಲ್ಯಾಂಡ್ ಈ ಮೊದಲೇ ತನ್ನದಾಗಿಸಿಕೊಂಡಿತ್ತು. 2020ರಲ್ಲಿ ಅದಕ್ಕೆ ಸ್ವಿಚ್ ಮೊಬಿಲಿಟಿ ಎಂಬ ಹೊಸ ಹೆಸರನ್ನಿಟ್ಟು ವಿದ್ಯುತ್ ವಾಹನಗಳ ಕೆಲಸವನ್ನು ಆ ಹೆಸರಿನಡಿ ಮುಂದುವರಿಸಲಾಯಿತು.

ಇತರ ನಗರಗಳಲ್ಲಿ

ಮಿಶ್ರಶಕ್ತಿ ಬಸ್ಸುಗಳು ಭಾರತದಲ್ಲಿ ಪ್ರದರ್ಶನದ ಅಂಗಳಕ್ಕಷ್ಟೇ ಸೀಮಿತವಾಗಿ ಉಳಿಯಲಿಲ್ಲ. ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿರುವ ವೋಲ್ವೊ ಕಾರ್ಖಾನೆಯಲ್ಲಿ ತಯಾರಾದ 5 ಮಿಶ್ರಶಕ್ತಿ ಬಸ್ಸುಗಳನ್ನು 2016ರಲ್ಲಿ ನವಿ ಮುಂಬಯಿಯ ಸಾರಿಗೆ ಸಂಸ್ಥೆಯು ಪಡೆಯಿತು. 2018ರಲ್ಲಿ ಮುಂಬಯಿಯ ಬಾಂದ್ರಾ-ಕುರ್ಲಾ ವಾಣಿಜ್ಯ ಪ್ರದೇಶದಲ್ಲಿ ಟಾಟಾ ಮೋಟಾರ್ಸ್ ತಯಾರಿಸಿದ 25 ಡೀಸೆಲ್ ಮಿಶ್ರಶಕ್ತಿ ಬಸ್ಸುಗಳ ಸಂಚಾರ ಪ್ರಾರಂಭವಾಯಿತು. ಆದರೂ ಈ ಸಂಖ್ಯೆಗಳು ದೊಡ್ಡದಾಗಿ ಬೆಳೆಯಲಿಲ್ಲ.

ಇದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು ಬೆಲೆ. ಎಂಜಿನ್ನು, ಮೋಟಾರು, ಬ್ಯಾಟರಿ, ನಿಯಂತ್ರಕ ಇವೆಲ್ಲವನ್ನೂ ಹೊಂದಿದ ಬಸ್ಸು ಸಾಮಾನ್ಯ ಡೀಸೆಲ್ ಬಸ್ಸಿಗಿಂತ ಬಹಳ ದುಬಾರಿಯಾದುದು. ಎರಡನೆಯದು ಲಿಥಿಯಂ ಬ್ಯಾಟರಿಗಳ ಬೆಲೆಯಲ್ಲಿ ಉಂಟಾದ ಇಳಿತ. 2010ರ ನಂತರದ ಒಂದು ದಶಕದಲ್ಲಿ ಈ ಬೆಲೆ ಬಹುಪಾಲು ಕುಸಿದುದರಿಂದ, ಎರಡು ಯಂತ್ರಗಳ ಬದಲಿಗೆ ದೊಡ್ಡದೊಂದು ಬ್ಯಾಟರಿಯನ್ನೇ ಇಡುವುದು ಲಾಭದಾಯಕವೆನಿಸತೊಡಗಿತು. ಮೂರನೆಯದು ಸರ್ಕಾರದ ನೀತಿ. 2015ರ ಏಪ್ರಿಲ್‌ನಲ್ಲಿ ಪ್ರಾರಂಭವಾದ ಫೇಮ್ ಯೋಜನೆಯ ಮೊದಲ ಹಂತದಲ್ಲಿ ಮಿಶ್ರಶಕ್ತಿ ವಾಹನಗಳಿಗೂ ನೆರವು ದೊರೆಯುತ್ತಿತ್ತು. 10,000 ಕೋಟಿ ರೂಪಾಯಿಗಳ ವೆಚ್ಚದಲ್ಲಿ 2019ರ ಏಪ್ರಿಲ್‌ನಿಂದ ಜಾರಿಗೆ ಬಂದ ಎರಡನೆಯ ಹಂತದಲ್ಲಿ ಬಸ್ಸುಗಳ ನೆರವನ್ನು ಸಂಪೂರ್ಣ ವಿದ್ಯುತ್ ಬಸ್ಸುಗಳಿಗೆ ಮೀಸಲಿಡಲಾಯಿತು. 2023ರ ಆಗಸ್ಟ್‌ನಲ್ಲಿ ಅನುಮೋದನೆ ಪಡೆದ ಪಿ.ಎಂ. ಇ-ಬಸ್ ಸೇವಾ ಯೋಜನೆಯು 10,000 ವಿದ್ಯುತ್ ಬಸ್ಸುಗಳ ಗುರಿಯನ್ನು ಹೊಂದಿತು. 2024ರ ಅಕ್ಟೋಬರಿನಿಂದ ಜಾರಿಗೆ ಬಂದ ಪಿ.ಎಂ. ಇ-ಡ್ರೈವ್ ಯೋಜನೆಯೂ ಇದೇ ದಾರಿಯಲ್ಲಿ ನಡೆದು 14,028 ವಿದ್ಯುತ್ ಬಸ್ಸುಗಳಿಗೆ ನೆರವನ್ನು ಗೊತ್ತುಪಡಿಸಿತು.

ಬೆಂಗಳೂರಿನಲ್ಲಿ 2014ರ ಫೆಬ್ರವರಿಯಲ್ಲಿಯೇ ಮೆಜೆಸ್ಟಿಕ್ ಮತ್ತು ಕಾಡುಗೋಡಿಗಳ ನಡುವೆ ವಿದ್ಯುತ್ ಬಸ್ಸೊಂದನ್ನು ಪ್ರಾಯೋಗಿಕವಾಗಿ ಓಡಿಸಲಾಗಿತ್ತು. 2022ರ ಆಗಸ್ಟ್‌ನಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯ ಮಾರ್ಗಗಳಲ್ಲಿ 12 ಮೀಟರು ಉದ್ದದ ವಿದ್ಯುತ್ ಬಸ್ಸುಗಳು ಓಡತೊಡಗಿದವು. ಅವು ಚೆನ್ನೈ ಮೂಲದ ಸ್ವಿಚ್ ಸಂಸ್ಥೆಯವೇ ಆಗಿದ್ದವು ಎಂಬುದು ಗಮನಾರ್ಹ.

ಚೆನ್ನೈಯ ಬೀದಿಗಳಲ್ಲಿ ವಿದ್ಯುತ್ ಬಸ್ಸು

ಚೆನ್ನೈಯಲ್ಲಿ 2019ರ ಆಗಸ್ಟ್‌ನಲ್ಲಿ ಸೆಂಟ್ರಲ್ ರೈಲು ನಿಲ್ದಾಣ ಮತ್ತು ತಿರುವಾನ್ಮಿಯೂರುಗಳ ನಡುವೆ ವಿದ್ಯುತ್ ಬಸ್ಸೊಂದರ ಪ್ರಾಯೋಗಿಕ ಸಂಚಾರ ನಡೆಯಿತು. ಅದರಲ್ಲಿ ಬರಿದಾದ ಬ್ಯಾಟರಿಯನ್ನು ಕಳಚಿ ತುಂಬಿದ ಬ್ಯಾಟರಿಯನ್ನು ಜೋಡಿಸುವ ವಿನಿಮಯ ವಿಧಾನವನ್ನು ಅನುಸರಿಸಲಾಗಿತ್ತು. ನಿಯಮಿತ ಸೇವೆಗೆ ಇನ್ನೂ ಕೆಲವು ವರ್ಷಗಳು ಬೇಕಾದವು. 2025ರ ಜೂನ್ 30ರಂದು ವ್ಯಾಸರಪಾಡಿ ಡಿಪೋದಿಂದ 120 ತಗ್ಗುನೆಲದ ವಿದ್ಯುತ್ ಬಸ್ಸುಗಳ ಸೇವೆಗೆ ಚಾಲನೆ ನೀಡಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಪೆರುಂಬಾಕ್ಕಂ ಡಿಪೋದಿಂದ 55 ಹವಾನಿಯಂತ್ರಿತ ವಿದ್ಯುತ್ ಬಸ್ಸುಗಳು ಹೊರಟವು. ವಿಶ್ವಬ್ಯಾಂಕಿನ ನೆರವುಳ್ಳ ಕಾರ್ಯಕ್ರಮದ ಅಡಿಯಲ್ಲಿ ಒಟ್ಟು 625 ಬಸ್ಸುಗಳನ್ನು ಹಂತಹಂತವಾಗಿ ಇಳಿಸುವುದು ಯೋಜನೆಯ ಗುರಿ.

ಈ ಬಸ್ಸುಗಳನ್ನು ನಿಗಮವು ನೇರವಾಗಿ ಕೊಂಡಿಲ್ಲ. ಗುತ್ತಿಗೆದಾರ ಸಂಸ್ಥೆಯು ಬಸ್ಸು ಮತ್ತು ಚಾಲಕರನ್ನು ಒದಗಿಸುತ್ತದೆ. ಓಡಿದ ಪ್ರತಿ ಕಿಲೋಮೀಟರಿಗೆ ನಿಗಮವು ಗೊತ್ತುಪಡಿಸಿದ ಮೊತ್ತವನ್ನು ಪಾವತಿಸುತ್ತದೆ. ನಿರ್ವಾಹಕರು ನಿಗಮದವರು. ಬ್ಯಾಟರಿ ಕೆಟ್ಟರೆ ಅಥವಾ ಬಸ್ಸು ಕೆಟ್ಟು ನಿಂತರೆ ಅದರ ನಷ್ಟ ಮೊದಲು ತಟ್ಟುವುದು ಗುತ್ತಿಗೆದಾರನಿಗೆ. ಹೊಸ ತಂತ್ರಜ್ಞಾನದ ಅಪಾಯವನ್ನು ಸಾರ್ವಜನಿಕ ಸಂಸ್ಥೆಯು ಏಕಾಂಗಿಯಾಗಿ ಹೊರಬಾರದೆಂಬುದು ಈ ಏರ್ಪಾಟಿನ ಉದ್ದೇಶ. ಆದರೆ ಪ್ರಯಾಣಿಕರು ಎಷ್ಟೇ ಇರಲಿ, ಕಿಲೋಮೀಟರಿನ ಲೆಕ್ಕದಂತೆ ಹಣ ಸಲ್ಲಿಸಬೇಕಾದ ಹೊಣೆ ನಿಗಮದ ಮೇಲೆಯೇ ಉಳಿಯುತ್ತದೆ.

ಲಾಭ ಮತ್ತು ಮಿತಿಗಳ ತುಲನೆ

ವಿದ್ಯುತ್ ಬಸ್ಸಿನಿಂದ ಬೀದಿಯಲ್ಲಿ ಹೊಗೆ ಬರುವುದಿಲ್ಲವೆಂಬುದು ನಿರ್ವಿವಾದ. ಆದರೆ ವಾತಾವರಣಕ್ಕೆ ಸೇರುವ ಇಂಗಾಲದ ಡೈ ಆಕ್ಸೈಡಿನ ಲೆಕ್ಕ ಅಷ್ಟು ಸರಳವಲ್ಲ. ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಉಂಟಾಗುತ್ತದೆ. ಲೀಟರಿಗೆ 4 ಕಿಲೋಮೀಟರು ಓಡುವ ಬಸ್ಸಿನ ಪಾಲು ಕಿಲೋಮೀಟರಿಗೆ ಸುಮಾರು 0.67 ಕಿಲೋಗ್ರಾಂ. ನಮ್ಮ ದೇಶದ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಅಧಿಕವಾಗಿರುವುದರಿಂದ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 0.7 ಕಿಲೋಗ್ರಾಂನಷ್ಟು ಇಂಗಾಲದ ಡೈ ಆಕ್ಸೈಡ್ ವಿದ್ಯುತ್ ಸ್ಥಾವರಗಳಿಂದ ಹೊರಬೀಳುತ್ತದೆ. ಕಿಲೋಮೀಟರಿಗೆ ಒಂದು ಯೂನಿಟ್ ಬಳಸುವ ವಿದ್ಯುತ್ ಬಸ್ಸಿನ ಪಾಲು, ಆದ್ದರಿಂದ, ಡೀಸೆಲ್ ಬಸ್ಸಿನ ಪಾಲಿಗೆ ಹೆಚ್ಚು ಕಡಿಮೆ ಸಮನಾಗುತ್ತದೆ. ಐದನೆಯ ಒಂದು ಭಾಗ ಡೀಸೆಲ್ ಉಳಿಸುವ ಮಿಶ್ರಶಕ್ತಿ ಬಸ್ಸಿನ ಪಾಲು ಇವೆರಡಕ್ಕಿಂತಲೂ ಕಡಿಮೆ, ಅಂದರೆ ಸುಮಾರು 0.54 ಕಿಲೋಗ್ರಾಂ.

ಈ ಲೆಕ್ಕವನ್ನು ಮಾತ್ರ ನೋಡಿದರೆ ಮಿಶ್ರಶಕ್ತಿ ಬಸ್ಸೇ ಮೇಲೆಂದು ತೋರಬಹುದು. ಆದರೆ ಬಸ್ಸೊಂದು ಹತ್ತು ಹನ್ನೆರಡು ವರ್ಷ ಓಡುತ್ತದೆ. ಗಾಳಿ ಮತ್ತು ಸೌರಶಕ್ತಿಯ ಪಾಲು ಬೆಳೆದಂತೆ ವಿದ್ಯುತ್ ಬಸ್ಸು ತಾನು ಇದ್ದಂತೆಯೇ ವರ್ಷದಿಂದ ವರ್ಷಕ್ಕೆ ಶುದ್ಧವಾಗುತ್ತಾ ಹೋಗುತ್ತದೆ. ಡೀಸೆಲ್ ಎಂಜಿನ್ನು ಮೊದಲ ದಿನ ಎಷ್ಟು ಹೊಗೆಯನ್ನು ಬಿಡುತ್ತಿತ್ತೋ ಕೊನೆಯ ದಿನವೂ ಅದಕ್ಕಿಂತ ಕಡಿಮೆ ಬಿಡಲಾರದು. ಗಾಳಿಯಿಂದ ವಿದ್ಯುತ್ ಉತ್ಪಾದಿಸುವ ಪ್ರಮುಖ ರಾಜ್ಯಗಳ ಸಾಲಿನಲ್ಲಿ ತಮಿಳುನಾಡು ಮತ್ತು ಕರ್ನಾಟಕಗಳೆರಡೂ ಇರುವುದು ಇಲ್ಲಿ ಅನುಕೂಲಕರವಾದ ಅಂಶ. ಇದಲ್ಲದೆ, ದೂರದ ಸ್ಥಾವರದ ಎತ್ತರದ ಚಿಮಣಿಯಿಂದ ಹೊರಡುವ ಹೊಗೆಗೂ, ನಿಲ್ದಾಣದಲ್ಲಿ ನಿಂತವರ ಮುಖಕ್ಕೆ ಬಡಿಯುವ ಹೊಗೆಗೂ ಆರೋಗ್ಯದ ದೃಷ್ಟಿಯಿಂದ ವ್ಯತ್ಯಾಸವಿದೆ. ಆದರೆ ಸ್ಥಾವರಗಳ ಸುತ್ತ ವಾಸಿಸುವ ಜನರ ಹಿತವನ್ನು ಕಡೆಗಣಿಸಬಾರದು. ಎನ್ನೂರು ಪ್ರದೇಶದಲ್ಲಿಯೂ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಿವೆ.

ಎರಡನೆಯ ಪ್ರಶ್ನೆ ಆಪತ್ಕಾಲದ್ದು. 2015ರ ಡಿಸೆಂಬರಿನ ಮಹಾಪೂರದಲ್ಲಿಯೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದ ಸಂದರ್ಭದಲ್ಲಿಯೂ ಚೆನ್ನೈಯ ಅನೇಕ ಬಡಾವಣೆಗಳು ಜಲಾವೃತವಾದವು. ಸುರಕ್ಷತೆಯ ದೃಷ್ಟಿಯಿಂದ ವಿದ್ಯುತ್ ಸರಬರಾಜನ್ನು ಕಡಿತಗೊಳಿಸಬೇಕಾಯಿತು. ಇಂತಹ ದಿನಗಳಲ್ಲಿ ಡಿಪೋಗೆ ವಿದ್ಯುತ್ ಬಾರದಿದ್ದರೆ ವಿದ್ಯುತ್ ಬಸ್ಸು ಬೆಳಗ್ಗೆ ಹೊರಡಲಾರದು. ಜನರನ್ನು ಸ್ಥಳಾಂತರಿಸಲು ಬಸ್ಸು ಅತ್ಯಂತ ಅಗತ್ಯವಾಗುವುದೂ ಇಂತಹ ದಿನಗಳಲ್ಲಿಯೇ. ಎರಡು ಶಕ್ತಿಗಳಿಂದ ಓಡಬಲ್ಲ ಬಸ್ಸಿಗೆ ಈ ವಿಷಯದಲ್ಲಿ ಸ್ಪಷ್ಟವಾದ ಮೇಲ್ಮೆಯಿದೆ. ಆದ್ದರಿಂದ ವಿದ್ಯುತ್ ಬಸ್ಸುಗಳನ್ನು ಹೆಚ್ಚಿಸುವ ನಗರವು ಎತ್ತರದ ನೆಲದಲ್ಲಿ ಡಿಪೋಗಳನ್ನು ನಿರ್ಮಿಸುವುದು, ಡಿಪೋಗಳಿಗೆ ಎರಡು ಪ್ರತ್ಯೇಕ ಮಾರ್ಗಗಳಿಂದ ವಿದ್ಯುತ್ ಒದಗಿಸುವುದು, ಹಾಗೂ ಡೀಸೆಲ್ ಅಥವಾ ಅನಿಲದ ಬಸ್ಸುಗಳ ಒಂದು ಭಾಗವನ್ನು ಆಪತ್ಕಾಲಕ್ಕಾಗಿ ಸುಸ್ಥಿತಿಯಲ್ಲಿ ಇರಿಸಿಕೊಳ್ಳುವುದು ವಿವೇಕಯುತ ಕ್ರಮಗಳಾಗಿವೆ. ಎರಡು ಶಕ್ತಿಗಳು ಒಂದೇ ಬಸ್ಸಿನೊಳಗೆ ಇರಬೇಕೆಂದೇನೂ ಇಲ್ಲ. ಒಂದೇ ನಗರದ ಬಸ್ಸು ಸಮೂಹದೊಳಗೆ ಇದ್ದರೂ ಸಾಕಾಗಬಹುದು.

ಮೂರನೆಯದು ದೂರದ ಮಾರ್ಗಗಳ ವಿಷಯ. ಎರಡು ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ದಿನದ ಓಟ ಮುಗಿಸುವ ನಗರ ಬಸ್ಸಿಗೆ ಬ್ಯಾಟರಿ ಹೊಂದುತ್ತದೆ. ಘಟ್ಟಗಳನ್ನು ಹತ್ತುವ, ಹಳ್ಳಿಗಳಲ್ಲಿ ರಾತ್ರಿ ತಂಗುವ ಬಸ್ಸುಗಳಿಗೆ ವಿದ್ಯುತ್ ತುಂಬುವ ಸೌಕರ್ಯ ಎಲ್ಲೆಡೆ ಬೆಳೆಯುವವರೆಗೆ ಎಂಜಿನ್ನಿನ ಆಸರೆ ಬೇಕಾದೀತು.

ಪ್ರಯಾಣಿಕನ ಹಿತವೇ ಅಳತೆಗೋಲು

ಬಸ್ಸಿನೊಳಗೆ ಯಾವ ಶಕ್ತಿಯಿದೆ ಎಂಬುದಕ್ಕಿಂತ ಬಸ್ಸು ಸಕಾಲದಲ್ಲಿ ಬರುತ್ತದೆಯೇ ಎಂಬುದು ಪ್ರಯಾಣಿಕನಿಗೆ ಮುಖ್ಯವಾದ ವಿಷಯ. ತಮಿಳುನಾಡಿನಲ್ಲಿ 2021ರ ಮೇ ತಿಂಗಳಿನಿಂದ ಸಾಮಾನ್ಯ ನಗರ ಬಸ್ಸುಗಳಲ್ಲಿಯೂ, ಕರ್ನಾಟಕದಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಅಡಿಯಲ್ಲಿಯೂ ಮಹಿಳೆಯರಿಗೆ ಉಚಿತ ಪ್ರಯಾಣದ ಸೌಲಭ್ಯ ದೊರೆತಿದೆ. ಮನೆಗೆಲಸಕ್ಕೆ, ಗಾರ್ಮೆಂಟ್ ಕಾರ್ಖಾನೆಗೆ, ಆಸ್ಪತ್ರೆಗೆ, ಶಾಲೆಗೆ ಹೋಗುವ ಬಹುಜನರಿಗೆ ಬಸ್ಸಲ್ಲದೆ ಬೇರೆ ವಾಹನವಿಲ್ಲ. ದುಬಾರಿಯಾದ ಹೊಸ ಬಸ್ಸುಗಳನ್ನು ಕೊಳ್ಳುವ ಭರದಲ್ಲಿ ಬಸ್ಸುಗಳ ಒಟ್ಟು ಸಂಖ್ಯೆ ಕಡಿಮೆಯಾದರೆ ಜನರು ಮತ್ತೆ ದ್ವಿಚಕ್ರ ವಾಹನಗಳತ್ತ ಹೊರಳುತ್ತಾರೆ. ಆಗ ಬಸ್ಸಿನಲ್ಲಿ ಉಳಿಸಿದ ಹೊಗೆ ಬೀದಿಯಲ್ಲಿ ಬೇರೆ ರೂಪದಿಂದ ಮರಳಿ ಬರುತ್ತದೆ. ತುಂಬಿದ ಒಂದು ಡೀಸೆಲ್ ಬಸ್ಸು ಸಹ ಹತ್ತಾರು ಕಾರುಗಳಿಗಿಂತ ನಗರಕ್ಕೆ ಹಿತಕರವೆಂಬುದು ಸಾರಿಗೆ ಶಾಸ್ತ್ರದ ಮೂಲಪಾಠ.

ತಗ್ಗುನೆಲದ ರಚನೆಯೂ ಇಷ್ಟೇ ಮಹತ್ವದ್ದು. ವೃದ್ಧರು, ಗರ್ಭಿಣಿಯರು ಮತ್ತು ಗಾಲಿಕುರ್ಚಿ ಬಳಸುವವರು ಯಾರ ಹಂಗೂ ಇಲ್ಲದೆ ಹತ್ತಬಲ್ಲ ಬಸ್ಸು 2016ರ ವಿಕಲಚೇತನರ ಹಕ್ಕುಗಳ ಕಾನೂನಿನ ಆಶಯಕ್ಕೆ ಅನುಗುಣವಾದುದು. ಬ್ಯಾಟರಿಯನ್ನು ಛಾವಣಿಯ ಮೇಲೂ ಹಿಂಭಾಗದಲ್ಲೂ ಹಂಚಿ ಇರಿಸಬಹುದಾದುದರಿಂದ ವಿದ್ಯುತ್ ಬಸ್ಸಿನಲ್ಲಿ ನೆಲವನ್ನು ತಗ್ಗಿಸುವುದು ಸುಲಭ. ಎಂಜಿನ್ನು ಮತ್ತು ಬ್ಯಾಟರಿಗಳೆರಡನ್ನೂ ಹೊರುವ ಬಸ್ಸಿನಲ್ಲಿ ಈ ಸ್ಥಳಾವಕಾಶ ಕಿರಿದಾಗುತ್ತದೆ.

ಉಪಸಂಹಾರ

ಎರಡು ಶಕ್ತಿಗಳ ಬಸ್ಸನ್ನು ವಿಫಲವಾದ ಪ್ರಯೋಗವೆಂದು ಕರೆಯುವುದು ಸರಿಯಾಗದು. ಬ್ರೇಕಿನಲ್ಲಿ ಕಳೆದುಹೋಗುತ್ತಿದ್ದ ಶಕ್ತಿಯನ್ನು ಹಿಡಿಯುವ ವಿದ್ಯೆ, ಮೋಟಾರು ಮತ್ತು ಬ್ಯಾಟರಿಗಳನ್ನು ಭಾರತದ ಸೆಕೆ, ಧೂಳು, ಮಳೆಗಳಿಗೆ ಒಗ್ಗಿಸುವ ಅನುಭವ, ಇವುಗಳನ್ನು ನಮ್ಮ ಇಂಜಿನಿಯರುಗಳು ಗಳಿಸಿಕೊಂಡದ್ದರಲ್ಲಿ ಮಿಶ್ರಶಕ್ತಿ ಬಸ್ಸುಗಳ ಪಾಲೂ ಇದೆ. ಇಂದು ಚೆನ್ನೈ ಮತ್ತು ಬೆಂಗಳೂರುಗಳಲ್ಲಿ ಓಡುತ್ತಿರುವ ವಿದ್ಯುತ್ ಬಸ್ಸುಗಳಲ್ಲಿ ಇರುವುದೂ ಅದೇ ಪುನರುತ್ಪಾದಕ ಬ್ರೇಕು.

1895ರಲ್ಲಿ ವಿದ್ಯುತ್ ಟ್ರಾಮನ್ನು ಕಂಡ ನಗರವು 1953ರಲ್ಲಿ ಅದನ್ನು ತೊರೆದು, 2025ರಲ್ಲಿ ಮತ್ತೆ ವಿದ್ಯುತ್ತನ್ನು ಬೀದಿಗೆ ಕರೆತಂದಿದೆ. ಈ ಬಾರಿ ಅದು ಉಳಿಯುವುದೇ ಎಂಬುದು ಬಸ್ಸಿನ ಯಂತ್ರವೊಂದನ್ನೇ ಅವಲಂಬಿಸಿಲ್ಲ. ಡಿಪೋಗಳ ಸುರಕ್ಷತೆ, ವಿದ್ಯುತ್ ಜಾಲದ ಶುದ್ಧಿ, ಗುತ್ತಿಗೆಯ ಶಿಸ್ತು, ಕೆಲಸಗಾರರ ತರಬೇತಿ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಸಾಕಷ್ಟು ಸಂಖ್ಯೆಯ ಬಸ್ಸುಗಳು, ಇವೆಲ್ಲವೂ ಕೂಡಿದಾಗ ಮಾತ್ರ ಶುದ್ಧವಾದ ಸಾರಿಗೆಯು ಜನರ ಸಾರಿಗೆಯೂ ಆಗಬಲ್ಲದು.